ಪಿವಿಸಿ ಪೈಪಿನಲ್ಲಿ ಹೋದ ಕಮಾನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಕ್ಕನ ಸೀರೆ ತುಂಬಿದ ಟ್ರಾಲಿ ಬ್ಯಾಗ್ ಕಂದು ಬಣ್ಣದ್ದೋ ನೇರಳೆಯದೋ ಈಗ ಖಾತ್ರಿಯಿಲ್ಲ. ದೆಹಲಿಯ ವಿಮಾನದಲ್ಲಿ ನಾನು ಕೂತದ್ದು ರೆಕ್ಕೆಯ ಹಿಂದೆ ಅಂತ ನನ್ನ ನೆನಪು, ಮುಂದೆ ಅಂತ ಜೊತೆಗೆ ಬಂದಿದ್ದ ಮೃದಂಗದವರ ನೆನಪು. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಆ ದಿನ ಬರೆದದ್ದು 'ಬೆಳಿಗ್ಗೆ ಹೊರಟೆವು' ಅಂತ ಮಾತ್ರ. ಎಂ.ಎ.ಗೆ ನಾನು ಓದಿದ್ದು ಇತಿಹಾಸ. ಸಾಕ್ಷಿ ಹೇಳುವವರು ತಮ್ಮ ನೆನಪಿನ ಬಗ್ಗೆ ತೀರಾ ಗಟ್ಟಿಯಾಗಿ ಮಾತಾಡಿದರೆ ಅಲ್ಲೇ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ ಅಂತ ನಮಗೆ ಹೇಳಿಕೊಟ್ಟಿದ್ದರು. ಆದರೂ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ, ಗೆರೆ ಎಳೆಯುವವರು ಎಳೆಯಲಿ. ಅವತ್ತು ಬೆಳಿಗ್ಗೆ ನಾನು ಕಮಾನು ಸಡಿಲ ಮಾಡಿದ್ದೆ.

ಪಿಟೀಲು ನುಡಿಸದವರಿಗೆ ಇದೇನು ಮಹಾ ಅನ್ನಿಸಬಹುದು. ಕಮಾನೆಂದರೆ ಒಂದು ಬಾಗಿದ ಮರದ ಕಡ್ಡಿ, ಅದರ ಉದ್ದಕ್ಕೂ ಕುದುರೆ ಬಾಲದ ಕೂದಲು. ಕೈ ಹಿಡಿಯುವ ಕಡೆ ಕೂದಲನ್ನು ಕಚ್ಚಿಕೊಂಡಿರುವ ಕರಿಮರದ ತುಂಡೊಂದಿದೆ. ನಮ್ಮ ಪಿಟೀಲು ಮೇಷ್ಟ್ರು ಅದನ್ನು ಗಟ್ಟೆ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕಡ್ಡಿಯ ಕೊನೆಯ ತಿರುಪನ್ನು ತಿರುಗಿಸಿದರೆ ಗಟ್ಟೆ ಹಿಂದಕ್ಕೆ ಸರಿದು ಕೂದಲು ಬಿಗಿಯಾಗುತ್ತದೆ, ವಾಪಸ್ ತಿರುಗಿಸಿದರೆ ಮುಂದಕ್ಕೆ ಸರಿದು ಸಡಿಲವಾಗುತ್ತದೆ. ನುಡಿಸುವಾಗ ಬಿಗಿ, ಮುಗಿದ ಮೇಲೆ ಸಡಿಲ. ಇನ್ನೊಂದು ತುದಿಯಲ್ಲಿರುವುದು ಮೂತಿ. ಅದರ ಕತ್ತು ಗುಬ್ಬಿಯ ಕತ್ತಿನಷ್ಟು ತೆಳು. ಬಿಗಿಯಾಗಿರುವ ಕಮಾನಿನ ಪೆಟ್ಟಿಗೆ ಕೆಳಗೆ ಬಿದ್ದರೆ ಮೊದಲು ಹೋಗುವುದು ಆ ಕತ್ತೇ. ವಿಮಾನದ ಒಣ ಗಾಳಿಗೆ ಕೂದಲು ಎಳೆದುಕೊಂಡು ಬಿಗಿ ಇನ್ನಷ್ಟು ಬಿಗಿಯಾಗುತ್ತದೆ ಅನ್ನುವುದು ಬೇರೆ. ಮಕ್ಕಳಿಗೆ ಸರಳೆ ವರಸೆಗಿಂತ ಮುಂಚೆ ನಾನು ಹೇಳಿಕೊಡುವುದು ಇದನ್ನೇ. ಕಮಾನು ಸಡಿಲ ಮಾಡದೆ ವಿಮಾನ ಹತ್ತಿದಳು ಅಂತ ಪಿಟೀಲಿನವಳ ಬಗ್ಗೆ ಹೇಳುವುದೂ ಒಂದೇ, ಒಲೆ ಆರಿಸದೆ ಮನೆಗೆ ಬೀಗ ಹಾಕಿ ಹೋದಳು ಅಂತ ಅಡುಗೆಯವಳ ಬಗ್ಗೆ ಹೇಳುವುದೂ ಒಂದೇ.

ಅಕ್ಕ ಅಂದರೆ ನನ್ನ ದೊಡ್ಡಪ್ಪನ ಮಗಳು. ಹಾಡುಗಾರ್ತಿ, ಹೆಸರು ಮಾಡಿದವಳು. ಅವಳ ತಾಯಿ ಬೇಗ ತೀರಿಕೊಂಡದ್ದರಿಂದ ನಮ್ಮ ಅಮ್ಮನೇ ಅವಳನ್ನೂ ಸಾಕಿದ್ದು, ಮಲ್ಲೇಶ್ವರದ ಮಾರ್ಕೆಟ್ಟಿನ ಹಿಂದಿನ ಇದೇ ಮನೆಯಲ್ಲಿ. ಈಗ ಅವಳಿರುವುದು ಬಸವನಗುಡಿಯಲ್ಲಿ. ಅವಳ ಕಛೇರಿಗಳಿಗೆ ಪಕ್ಕವಾದ್ಯ ನನ್ನದು. ನಮ್ಮ ತಾತನಿಗೆ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿಯಿತ್ತು, ಸಂಜೆ ಭಜನೆಗೆ ಪಿಟೀಲು ನುಡಿಸುತ್ತಿದ್ದರು. ದೇವರ ಮುಂದೆ ಇಡುವ ಸಾಮಾನು ಕೆಲಸಕ್ಕೆ ತಯಾರಾಗಿ ನಿಂತಿರಬೇಕು ಅನ್ನುವುದು ಅವರ ಕಟ್ಟಳೆ. ತಕ್ಕಡಿಯ ಎರಡು ತಟ್ಟೆಯೂ ಸಮ ನಿಂತಿರಬೇಕು, ಚಾಕು ಮಸೆದಿರಬೇಕು, ಕಮಾನು ಬಿಗಿಯಾಗಿರಬೇಕು. ವಾಲಿದ ತಕ್ಕಡಿಗೆ ಮಂಗಳಾರತಿ ಎತ್ತಲು ಅವರು ಬಿಡುತ್ತಿರಲಿಲ್ಲವಂತೆ. ಅವರು ಹೋದ ಮೇಲೆ ಆ ಕಟ್ಟಳೆಯನ್ನು ಅಮ್ಮ ಹಿಡಿದುಕೊಂಡಿದ್ದಾಳೆ.

ಆದ್ದರಿಂದ ಪರವೂರಿನ ಕಛೇರಿಗೆ ಹೊರಡುವ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಕಮಾನು ಬಿಗಿ ಮಾಡಿ ಒಂದು ಷಡ್ಜ ನುಡಿಸಿ, ಪಿಟೀಲನ್ನೂ ಕಮಾನನ್ನೂ ದೇವರ ಮುಂದೆ ಇಡುತ್ತೇನೆ. ಅಮ್ಮ ಆರತಿ ಎತ್ತಿ, ಒದ್ದೆ ಬೆರಳಿನಿಂದ ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮ ಹಚ್ಚುತ್ತಾಳೆ. ಕಮಾನಿಗೆ ಮಾತ್ರ ಕುಂಕುಮ ಕೂಡದು ಅಂತ ಹಿಂದೆಯೇ ಜಗಳವಾಡಿ ನಿಲ್ಲಿಸಿದ್ದೇನೆ. ಕೂದಲಿಗೆ ತಗುಲಿದರೆ ಅಷ್ಟು ಜಾಗದಲ್ಲಿ ಕಮಾನು ತಂತಿಯ ಮೇಲೆ ಜಾರುತ್ತದೆ. ಆಮೇಲೆ ನಾನು ಕಮಾನನ್ನು ಸಡಿಲ ಮಾಡಿ, ರೇಷ್ಮೆ ಬಟ್ಟೆ ಸುತ್ತಿ, ಮುಚ್ಚಳದ ಒಳಗಿನ ಕ್ಲಿಪ್ಪಿಗೆ ಸಿಕ್ಕಿಸುತ್ತೇನೆ.

ದೆಹಲಿಗೆ ಹೊರಟ ದಿನ ಕ್ರಮ ತಪ್ಪಿತು. ಟ್ಯಾಕ್ಸಿಯಲ್ಲಿ ಅಕ್ಕ ಬೇಗ ಬಂದುಬಿಟ್ಟಳು, ಗೇಟಿನ ಹತ್ತಿರ ಹಾರ್ನ್. ನಾನು ಷಡ್ಜ ನುಡಿಸಿದೆ, ಅಲ್ಲೇ ತಿರುಪು ವಾಪಸ್ ತಿರುಗಿಸಿ, ಸಡಿಲ ಕಮಾನನ್ನೇ ದೇವರ ಮುಂದೆ ಇಟ್ಟು ಗುರುತಿನ ಚೀಟಿ ಹುಡುಕಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿತ್ತು. ಅಕ್ಕ ಹಣೆಗೆ ಕುಂಕುಮ ಇಟ್ಟುಕೊಂಡು ಪೆಟ್ಟಿಗೆ ಎತ್ತಿ ನಿಂತಿದ್ದಳು, ಅಮ್ಮ ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ. "ಎಲ್ಲಾ ಹಾಕಿದೀನಿ, ಬಾರೇ, ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡ್ರೆ ಮುಗೀತು" ಅಂದಳು. ಮುಚ್ಚಳ ತೆಗೆದು ನೋಡಬೇಕಿತ್ತು ಅಂತ ನನಗೆ ಅನೇಕರು ಹೇಳಿದ್ದಾರೆ. ನಮ್ಮಿಬ್ಬರನ್ನೂ ಸಾಕಿದ ಮನೆಯಲ್ಲಿ, ಅಕ್ಕ ಮುಚ್ಚಿದ ಪೆಟ್ಟಿಗೆಯನ್ನು ಅನುಮಾನದಿಂದ ತೆಗೆದು ನೋಡುವ ಬುದ್ಧಿ ನನಗೆ ಆಗ ಇರಲಿಲ್ಲ. ಈಗ ಇದೆ.

ವಿಮಾನದ ಬಾಗಿಲ ಹತ್ತಿರ ಸಿಬ್ಬಂದಿ ನನ್ನನ್ನು ತಡೆದರು. ಮೇಲಿನ ಜಾಗ ಭರ್ತಿಯಾಗಿದೆ, ಈ ಪೆಟ್ಟಿಗೆ ಕೆಳಗೆ ಹೋಗಬೇಕು ಅಂದರು. ಅಕ್ಕ ಮುಂಚೆಯೇ ಹತ್ತಿ ಕೂತಿದ್ದಳು, ಅವಳ ಸೀರೆ ಟ್ರಾಲಿ ಅವಳ ತಲೆಯ ಮೇಲೆ ಆರಾಮವಾಗಿತ್ತು. ಫೋನ್ ಮಾಡಿದೆ. ನಿನ್ನ ಟ್ರಾಲಿ ಕೆಳಗೆ ಕೊಡು, ಅಲ್ಲಿ ಪಿಟೀಲು ಇಡುತ್ತೇನೆ ಅಂತ ಕೇಳಿದೆ. ಅವಳು ನಕ್ಕಳು.

"ಕೊಟ್ಬಿಡೇ. ಗಟ್ಟಿ ಪೆಟ್ಟಿಗೆ ತಾನೆ? ನನ್ ಸೀರೆ ಮಡಿಕೆ ಬಿದ್ರೆ ನೀನು ಇಸ್ತ್ರಿ ಮಾಡ್ತೀಯಾ?"

ಕೊಟ್ಟೆ. ಸರಕಿನವನು ಅದನ್ನು ಸೂಟ್‌ಕೇಸ್ ಹಿಡಿದ ಹಾಗೆ ಹಿಡಿದು ಏಣಿ ಇಳಿದ.

ದೆಹಲಿಯಲ್ಲಿ ಹೋಟೆಲಿನ ಹಾಸಿಗೆಯ ಮೇಲೆ ಪೆಟ್ಟಿಗೆ ಬಿಚ್ಚಿದೆ. ಪಿಟೀಲಿಗೆ ಏನೂ ಆಗಿರಲಿಲ್ಲ. ಕಮಾನಿನ ಮೂತಿ ಮುರಿದು ಕೂದಲಿನ ತುದಿಗೆ ನೇತಾಡುತ್ತಿತ್ತು. ಬ್ರೆಜಿಲ್ ಮರದ ಆ ಕಮಾನನ್ನು ಮೇಷ್ಟ್ರು ತಾವು ನುಡಿಸುವುದನ್ನು ಬಿಟ್ಟಾಗ ನನ್ನ ಕೈಗೆ ಕೊಟ್ಟಿದ್ದರು. ನಾನು ಮೊದಲು ನೋಡಿದ್ದು ಮೂತಿಯನ್ನಲ್ಲ, ಗಟ್ಟೆಯನ್ನು. ಸಡಿಲವಾಗಿದ್ದರೆ ಗಟ್ಟೆ ಬೆರಳು ಇಡುವ ಚರ್ಮದ ಪಟ್ಟಿಗೆ ಒತ್ತಿಕೊಂಡು ಮುಂದೆ ನಿಂತಿರಬೇಕು. ಅದು ಹಿಂದಕ್ಕೆ ಸರಿದು ನಿಂತಿತ್ತು. ಮುರಿದಾಗ ಕಮಾನು ಬಿಗಿಯಾಗಿತ್ತು ಅನ್ನುವುದರಲ್ಲಿ ಸಂಶಯವೇ ಇರಲಿಲ್ಲ.

ನಾನು ಸಡಿಲ ಮಾಡಿದ್ದು, ಅಕ್ಕ ಪೆಟ್ಟಿಗೆಗೆ ಹಾಕಿದ್ದು. ಲೆಕ್ಕ ಸುಲಭವಾಗಿತ್ತು. ಕೇಳಿದೆ. ಅವಳು ಕನ್ನಡಿಯ ಮುಂದೆ ಕಿವಿಯ ಓಲೆ ಸರಿಮಾಡಿಕೊಳ್ಳುತ್ತಿದ್ದಳು, ತಿರುಗಲಿಲ್ಲ. ತಾನು ಇದ್ದದ್ದನ್ನು ಇದ್ದ ಹಾಗೆ ಸಿಕ್ಕಿಸಿ ಮುಚ್ಚಿದ್ದು, ತಿರುಪನ್ನು ಮುಟ್ಟಿಯೇ ಇಲ್ಲ ಅಂದಳು. ನೀನೇ ಮರೆತಿರ್ತೀಯ ಬಿಡು ಅಂತ ಸೇರಿಸಿದಳು. ಅಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲವೇನೋ.

ಸಂಜೆ ಅಲ್ಲಿನ ಒಬ್ಬ ವಿದ್ಯಾರ್ಥಿನಿಯ ಕಮಾನು ಎರವಲು ಸಿಕ್ಕಿತು. ಹಗುರ, ತಂತಿಯ ಮೇಲೆ ಕುಣಿಯುತ್ತಿತ್ತು. ಮೊದಲ ವರ್ಣ ಮುಗಿದ ಮೇಲೆ ಅಕ್ಕ ಮೈಕಿನ ಹತ್ತಿರ ಬಗ್ಗಿ ಮುದ್ದಾದ ದನಿಯಲ್ಲಿ ಸಭೆಗೆ ಹೇಳಿದಳು.

"ನಮ್ ತಂಗಿ ಕಮಾನು ಸಡಿಲ ಮಾಡೋದು ಮರೆತು ವಿಮಾನ ಹತ್ತಿಬಿಟ್ಟಿದಾಳೆ, ಮುರಿದುಹೋಗಿದೆ. ಇವತ್ತು ಎರವಲು ಕಮಾನು. ಸ್ವಲ್ಪ ಹೊಂದಿಸ್ಕೊಂಡು ಕೇಳಿ."

ಸಭೆ ನಕ್ಕಿತು. ಮೃದಂಗದವರು ನಗಲಿಲ್ಲ, ಮೃದಂಗದ ಬಲಮುಖದ ಮೇಲೆ ಸುಮ್ಮನೆ ಎರಡು ಬೆರಳು ಒತ್ತಿದರು. ನಾನು ಎರವಲು ಕಮಾನಿಗೆ ರಾಳ ಉಜ್ಜುತ್ತಾ ಕೂತೆ. ಆ ನಗುವಿನ ಸದ್ದು ಮಾತ್ರ ನನಗೆ ಸರಿಯಾಗಿ ನೆನಪಿದೆ. ಮುಂದಿನ ಸಾಲಿನಿಂದ ಹುಟ್ಟಿ ಹಿಂದಕ್ಕೆ ಹೋಯಿತು.

ಮಾತು ನಮಗಿಂತ ಮುಂಚೆ ಬೆಂಗಳೂರು ತಲುಪಿತ್ತು. ಸಂಪಿಗೆ ರಸ್ತೆಯ ತಿಂಡಿ ಹೋಟೆಲಿನಲ್ಲಿ ಒಬ್ಬ ಹಿರಿಯ ರಸಿಕರು ಕಾಫಿ ಲೋಟ ಕೈಯಲ್ಲಿ ಹಿಡಿದೇ, ಈಗೆಲ್ಲ ಹುಷಾರಾಗಿ ಸಡಿಲ ಮಾಡ್ತಿದೀರಾ ತಾನೇ ಅಂತ ಕೇಳಿದರು. ಪಾಠಕ್ಕೆ ಬರುವ ಹುಡುಗಿಯ ತಾಯಿ, ನನ್ನ ಮಗಳ ಕಮಾನನ್ನು ಯಾರು ನೋಡಿಕೊಳ್ಳಬೇಕು, ನೀವೋ ನಾವೋ ಅಂದರು. ಒಂದು ಸಂಸ್ಥೆಯವರು ಹೊಸ ವರ್ಷದ ಉತ್ಸವಕ್ಕೆ ನನ್ನನ್ನು ಕರೆದಿದ್ದವರು ಇನ್ನೊಬ್ಬರನ್ನು ಒಪ್ಪಿಸಿದ್ದೇವೆ, ತಪ್ಪು ತಿಳಿಯಬೇಡಿ ಅಂದರು. ಪ್ರತಿ ಸಲವೂ ನಾನು ನಕ್ಕೆ, ಪ್ರತಿ ಸಲವೂ ಅಕ್ಕನ ಹೆಸರಿನ ಮುಂದೆ ಮನಸ್ಸಿನಲ್ಲಿ ಒಂದು ಗುರುತು ಹಾಕಿದೆ.

ಚಾಮರಾಜಪೇಟೆಯಲ್ಲಿ ಪಿಟೀಲು ರಿಪೇರಿ ಮಾಡುವವರಿಗೆ ಮುರಿದ ಕಮಾನು ತೋರಿಸಿದೆ. ಅಂಟಿಸಬಹುದು, ಗೋಡೆಗೆ ತೂಗುಹಾಕಲು ಸರಿಯಾಗುತ್ತೆ, ನುಡಿಸಲು ಆಗಲ್ಲ ಅಂದರು. ಅದನ್ನು ಹಾಗೇ ವಾಪಸ್ ತಂದು ಬೀರುವಿನಲ್ಲಿ ಇಟ್ಟೆ. ತಾತನ ಭಜನೆಯ ಕಮಾನು ಅಟ್ಟದ ಮೇಲಿತ್ತು. ಅದಕ್ಕೆ ಹೊಸ ಕೂದಲು ಕಟ್ಟಿಸಿದೆ. ಸ್ವಲ್ಪ ಭಾರ, ಆದರೆ ಸ್ವರ ಹಿಡಿದರೆ ಬಿಡದ ಕಮಾನು.

ಆಗಲೇ ಅಕ್ಕನ ಫೋನ್ ಬಂತು. ಚಳಿಗಾಲದಲ್ಲಿ ಕೊಲ್ಕತ್ತಾದಲ್ಲಿ ಕಛೇರಿ, ದೊಡ್ಡ ಸಭೆ. "ಬರ್ತೀಯ ತಾನೆ? ಈ ಸಲ ಸರಿಯಾಗಿ ಸಡಿಲ ಮಾಡ್ಕೊಂಡು ಬಾರೇ" ಅಂದು ನಕ್ಕಳು. ಬರುವುದಿಲ್ಲ ಅನ್ನಲು ಬಾಯಿ ತೆರೆದಿದ್ದೆ. ಆ ನಗು ಕೇಳಿ, ಬರ್ತೀನಿ ಅಂದೆ.

ಒಪ್ಪಿಕೊಂಡದ್ದು ಯಾಕೆ ಅಂತ ಬರೆಯಬೇಕು. ಕೆಲವು ವರ್ಷಗಳಿಂದ ಅಕ್ಕನಿಗೆ ಮೇಲಿನ ಷಡ್ಜ ಸರಿಯಾಗಿ ನಿಲ್ಲುತ್ತಿಲ್ಲ. ಅವಳು ಅಲ್ಲಿಗೆ ಏರುವ ಒಂದು ಉಸಿರಿನ ಮುಂಚೆ ನಾನು ಆ ಸ್ವರವನ್ನು ಕಮಾನಿನಲ್ಲಿ ಹಿಡಿದು ನಿಲ್ಲಿಸುತ್ತೇನೆ, ಅವಳು ಬಂದು ಅದಕ್ಕೆ ಒರಗುತ್ತಾಳೆ. ಕೇಳುವವರಿಗೆ ಯಾರದು ಯಾವುದು ಅಂತ ತಿಳಿಯುವುದಿಲ್ಲ. ಈ ವಿಷಯವನ್ನು ನಾವಿಬ್ಬರೂ ಎಂದೂ ಆಡಿಲ್ಲ. ಪಕ್ಕವಾದ್ಯದವರ ಕೆಲಸದಲ್ಲಿ ಇದೂ ಸೇರಿದೆ ಅಂದುಕೊಂಡಿದ್ದೆ. ಕೊಲ್ಕತ್ತಾದಲ್ಲಿ ಆ ಜಾಗ ಬಂದಾಗ ಕಮಾನು ಎತ್ತಿಬಿಡುವುದು ಅಂತ ತೀರ್ಮಾನಿಸಿದೆ. ಅಷ್ಟೇ, ಎತ್ತುವುದು. ತಪ್ಪು ಸ್ವರ ನುಡಿಸುವುದಿಲ್ಲ, ತಾಳ ಕೆಡಿಸುವುದಿಲ್ಲ. ಸಂಜೆಯೆಲ್ಲಾ ಅವಳಿಗೆ ನೆರಳಾಗಿ ನುಡಿಸಿ, ಆ ಒಂದು ಕಡೆ ನೆರಳು ತೆಗೆಯುವುದು.

ಇದಕ್ಕೆ ಒಳ್ಳೆಯ ಕಮಾನೇ ಬೇಕು, ಅದು ಮುರಿಯದೆ ತಲುಪಬೇಕು. ಪ್ರಯಾಣಕ್ಕೆ ಕಾರ್ಬನ್ ಕಮಾನು ಇಟ್ಟುಕೊಳ್ಳಿ, ಹತ್ತಡಿ ಮೇಲಿಂದ ಬಿದ್ದರೂ ಏನೂ ಆಗಲ್ಲ ಅಂತ ಎಲ್ಲರೂ ಹೇಳಿದರು. ನಿಜವೇ. ಆದರೆ ಅದನ್ನು ಹಿಡಿದು ಹೋದರೆ ಅಕ್ಕ ಸಭೆಗೆ ಇನ್ನೊಂದು ಮುದ್ದಾದ ಮಾತು ಹೇಳುತ್ತಾಳೆ. ಮರದ ಕಮಾನನ್ನು, ಅದರಲ್ಲೂ ತಾತನ ಕಮಾನನ್ನು, ಅವಳ ಕಣ್ಣೆದುರಿಗೆ ಸುರಕ್ಷಿತವಾಗಿ ಒಯ್ಯಬೇಕಿತ್ತು.

ಪೆಟ್ಟಿಗೆಯನ್ನು ನಂಬುವಂತಿರಲಿಲ್ಲ. ಬಾಗಿಲ ಹತ್ತಿರ ಮತ್ತೆ ಕಿತ್ತುಕೊಂಡರೂ ಪಿಟೀಲು ಮಾತ್ರ ಹೋಗಬೇಕು, ಕಮಾನು ನನ್ನ ಕೈಯಲ್ಲೇ ಉಳಿಯಬೇಕು. ಹಾಗಾಗಿ ಕಮಾನಿಗೆ ಬೇರೆಯದೇ ಒಂದು ಕೊಳವೆ. ಶೇಷಾದ್ರಿಪುರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪಿವಿಸಿ ಪೈಪು, ಎರಡು ಮುಚ್ಚಳ ಕೇಳಿದೆ. ಅಂಗಡಿಯವನು ತಲೆ ಎತ್ತದೆ ಕೇಳಿದ:

"ಸಿಂಕಿಗಾ, ಬಚ್ಚಲಿಗಾ ಮೇಡಂ?"

"ಪಿಟೀಲಿಗೆ."

"ಅದ್ರಲ್ಲೂ ನೀರ್ ಸೋರುತ್ತಾ?" ಅಂದ. ಆ ದಿನಗಳಲ್ಲಿ ನನಗೆ ನಗು ಬಂದದ್ದು ಅದೊಂದೇ ಸಲ.

ಪಾಠದ ಮನೆಯಲ್ಲಿ ಸೊಟ್ಟಗಾದ ಹಳೆಯ ಅಗ್ಗದ ಕಮಾನುಗಳು ಬಿದ್ದಿದ್ದವು. ಅವುಗಳನ್ನು ಪೈಪಿನಲ್ಲಿ ಹಾಕಿ ತಾರಸಿಯಿಂದ ಅಂಗಳಕ್ಕೆ ಬಿಟ್ಟು ನೋಡಿದೆ. ಮೊದಲ ಸಲ ಒಳಗೆ ಸುಮ್ಮನೆ ಬಟ್ಟೆ ಸುತ್ತಿದ್ದೆ, ಕಮಾನು ಜಾರಿ ಮೂತಿ ಮುಚ್ಚಳಕ್ಕೆ ಬಡಿದು ಚೂರಾಯಿತು. ಮೂತಿಯನ್ನೇ ಕಾಪಾಡಬೇಕು ಅಂತ ಎರಡನೆಯ ಸಲ ಮೂತಿಯ ಸುತ್ತ ಸ್ಪಂಜು ಗಿಡಿದು ತುಂಬಿದೆ. ಆಗ ಇನ್ನೂ ಕೆಟ್ಟದಾಯಿತು. ಮೂತಿ ಅಲ್ಲಾಡದೆ ನಿಂತು, ಬಿದ್ದ ಹೊಡೆತಕ್ಕೆ ಕಡ್ಡಿ ಮಾತ್ರ ಬಾಗಿ, ಕತ್ತು ಅಲ್ಲೇ ಪಟ್ ಅಂತ ಹೋಯಿತು. ಪೈಪನ್ನು ಮಡಿಲಲ್ಲಿಟ್ಟುಕೊಂಡು ತಾರಸಿಯ ಮೇಲೆ ಬಹಳ ಹೊತ್ತು ಕೂತಿದ್ದೆ. ಬಿಗಿ ಹಿಡಿಯಬೇಕಾದದ್ದು ಭಾರವಿರುವ ಕಡೆಯನ್ನು, ಅಂದರೆ ಗಟ್ಟೆಯನ್ನು. ಮೂತಿಯನ್ನು ಯಾವುದೂ ಮುಟ್ಟಬಾರದು. ಗಟ್ಟೆಯ ಸುತ್ತ ದಪ್ಪ ಸ್ಪಂಜು ಕಟ್ಟಿದೆ, ಕಡ್ಡಿಗೆ ಅಲ್ಲಲ್ಲಿ ಸ್ಪಂಜಿನ ಬಳೆ ಹಾಕಿದೆ, ಕೊನೆಯ ಬಳೆ ಕತ್ತಿಗಿಂತ ಸಾಕಷ್ಟು ಹಿಂದೆ. ಮೂತಿಯ ಮುಂದೆ ಖಾಲಿ ಜಾಗ, ಆಮೇಲೆ ಮುಚ್ಚಳದ ಒಳಗೆ ಉಣ್ಣೆ. ಈ ಸಲ ಬಿಟ್ಟಾಗ ಪೈಪು ತುಳಸಿಕಟ್ಟೆಗೆ ಬಡಿದು ಉರುಳಿತು. ಬಿಚ್ಚಿದರೆ ಕಮಾನು ಹೇಗಿತ್ತೋ ಹಾಗೇ ಇತ್ತು. ಇನ್ನೂ ಕೆಲವು ಸಲ ಬಿಟ್ಟೆ. ಬಿಟ್ಟಾಗಲೆಲ್ಲ ಅಕ್ಕನ ಮುಖ ನೆನೆಸಿಕೊಂಡೆ ಅಂತ ಬರೆದರೆ ಉತ್ಪ್ರೇಕ್ಷೆಯಲ್ಲ.

ಅಮ್ಮ ಅಂಗಳದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಲ ಮಾತ್ರ, ಅವಳ ಮೇಲೆ ಇಷ್ಟು ಹಠ ಬೇಡ ಕಣೇ ಅಂದಳು. ಯಾರ ಮೇಲೆ ಅಂತ ನಾನು ಹೇಳಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಪಿಟೀಲನ್ನು ಮಾತ್ರ ದೇವರ ಮುಂದೆ ಇಟ್ಟೆ. ಹಿಂದಿನ ದಿನವೇ ಕಮಾನನ್ನು ಸಡಿಲ ಮಾಡಿ ಪೈಪಿಗೆ ಸೇರಿಸಿದ್ದೆ. ಕೂದಲು ಜೋತು ಬೀಳದಷ್ಟು, ಒಣ ಗಾಳಿಗೆ ಎಳೆದುಕೊಂಡರೂ ಕಡ್ಡಿಯನ್ನು ಜಗ್ಗದಷ್ಟು ಸಡಿಲ. ತಿರುಪಿನಿಂದ ಕಡ್ಡಿಗೆ ದಾಟುವ ಹಾಗೆ ವೈಟ್ನರ್‌ನಲ್ಲಿ ಒಂದು ಸಣ್ಣ ಗೆರೆಯನ್ನೂ ಎಳೆದಿದ್ದೆ. ಯಾರಾದರೂ ತಿರುಗಿಸಿದರೆ ಗೆರೆ ಎರಡಾಗುತ್ತದೆ. ಅಮ್ಮ ಆರತಿ ತಟ್ಟೆ ಹಿಡಿದು ಕಮಾನು ಎಲ್ಲಿ ಅಂತ ಕೇಳಿದಳು. ಪೈಪಿನಲ್ಲಿದೆ, ತೆಗೆಯುವುದಿಲ್ಲ ಅಂದೆ. ತಾತನ ಕಮಾನು ಅಂದಳು.  ಅವಳು ಪೈಪಿನ ಮುಚ್ಚಳಕ್ಕೆ ಕುಂಕುಮ ಹಚ್ಚಿದಳು, ಹಚ್ಚಿದ ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದಳು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪೈಪು ಯಂತ್ರದೊಳಗೆ ಹೋಗಿ ವಾಪಸ್ ಬಂತು, ಮತ್ತೆ ಹೋಯಿತು. ಕೊನೆಗೆ ಒಬ್ಬ ಮಹಿಳಾ ಅಧಿಕಾರಿ ಬಿಚ್ಚಲು ಹೇಳಿದರು. ನಾನೇ ಬಿಚ್ಚುತ್ತೇನೆ ಅಂತ ಕೇಳಿಕೊಂಡೆ. ಸ್ಪಂಜಿನ ಬಳೆಗಳ ಸಮೇತ ಕಮಾನನ್ನು ಹೊರಗೆ ಎಳೆದಾಗ ಅವರು ಕೂದಲಿನ ಮೇಲೆ ಬೆರಳು ಇಡಲು ಬಂದರು. ಮುಟ್ಟಬೇಡಿ, ಕೈಯ ಜಿಡ್ಡು ತಗುಲಿದರೆ ನಾದ ಹೋಗುತ್ತೆ ಅಂದೆ.

"ಯಾರ್ ಕೂದ್ಲಮ್ಮ ಇದು?"

"ಕುದುರೆದು."

"ನಮ್ಮನೆಯವ್ರಿಗೆ ಇಷ್ಟಾದ್ರೂ ಇದ್ದಿದ್ರೆ" ಅಂದು ಅವರು ಪೈಪಿನ ಮೇಲೆ ಮುದ್ರೆ ಒತ್ತಿದ ಚೀಟಿ ಕಟ್ಟಿದರು. ಹಿಂದೆ ಸಾಲಿನಲ್ಲಿದ್ದ ಮೃದಂಗದವರು ಜೋರಾಗಿ ನಕ್ಕರು. ಅಕ್ಕ ಪೈಪನ್ನು ಮೇಲಿಂದ ಕೆಳಗೆ ನೋಡಿ, ಏನೇ ಇದು, ಪ್ಲಂಬರ್ ಥರ ಬಂದಿದೀಯ ಅಂದಳು. ಹೌದು, ಸೋರೋದನ್ನ ನಿಲ್ಲಿಸೋಕೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗಬೇಕು ಅಂತಲೂ ಇರಲಿಲ್ಲ.

ಬಾಗಿಲ ಹತ್ತಿರ ಈ ಸಲ ಯಾರೂ ತಡೆಯಲಿಲ್ಲ. ಪಿಟೀಲು ಮೇಲೆ ಹೋಯಿತು. ಪೈಪನ್ನು ಕಾಲಿಗೂ ಕಿಟಕಿ ಗೋಡೆಗೂ ನಡುವೆ ನಿಲ್ಲಿಸಿಕೊಂಡಿದ್ದೆ, ಗಗನಸಖಿ ಬಂದು ಮಲಗಿಸಿ ಅಂದಳು, ಎದುರಿನ ಸೀಟಿನ ಕೆಳಗೆ ಮಲಗಿಸಿ ಅದರ ಮೇಲೆ ಪಾದ ಇಟ್ಟುಕೊಂಡೆ. ವಿಮಾನ ಇಳಿಯುವಾಗ ಚಕ್ರ ನೆಲಕ್ಕೆ ಬಡಿದ ಹೊಡೆತ ಪೈಪಿನ ಮೂಲಕ ಅಂಗಾಲಿಗೆ ಬಂತು. ಒಳಗೆ ಏನೂ ಅಲ್ಲಾಡಲಿಲ್ಲ. ಹೋಟೆಲಿನಲ್ಲಿ ಬಿಚ್ಚಿ ನೋಡಿದೆ. ವೈಟ್ನರ್ ಗೆರೆ ಒಂದೇ ಇತ್ತು. ಕಮಾನನ್ನು ತಕ್ಷಣ ಬಿಗಿ ಮಾಡದೆ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಬಿಟ್ಟು ಸ್ನಾನಕ್ಕೆ ಹೋದೆ. ಅಷ್ಟು ನೆಮ್ಮದಿಯ ಸ್ನಾನ ಮಾಡಿ ಬಹಳ ದಿನವಾಗಿತ್ತು.

ಕಛೇರಿಯಲ್ಲಿ ನಾನು ಅಂದು ನುಡಿಸಿದ ಹಾಗೆ ಆಮೇಲೆ ನುಡಿಸಿಲ್ಲ. ಇದನ್ನು ಮೃದಂಗದವರೂ ಹೇಳುತ್ತಾರೆ, ಹಾಗಾಗಿ ನನ್ನ ನೆನಪಿನ ಮೇಲೆ ಬಿಡಬೇಕಾಗಿಲ್ಲ. ತಾತನ ಕಮಾನಿನ ಭಾರ ತಂತಿಯ ಮೇಲೆ ಕೂತು ಪ್ರತಿ ಸ್ವರವೂ ದುಂಡಗೆ ಬಂತು. ಅಕ್ಕ ಪ್ರತಿ ತಿರುವಿನಲ್ಲೂ ಹಿಂದೆ ನೋಡದೆ ಒರಗಿದಳು, ಪ್ರತಿ ತಿರುವಿನಲ್ಲೂ ನಾನಿದ್ದೆ. ಕಲ್ಯಾಣಿ ರಾಗದ ಆಲಾಪನೆಯಲ್ಲಿ ಅವಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದಳು. ನಿಷಾದದಲ್ಲಿ ನಿಂತಳು, ಕಣ್ಣು ಮುಚ್ಚಿದಳು, ಎಡಗೈ ಎತ್ತಿದಳು. ಆ ಕೈ ಎತ್ತುವುದು ನನಗೆ ಸೂಚನೆ. ನಾನು ಕಮಾನು ಎತ್ತಿದೆ.

ಎಷ್ಟು ಹೊತ್ತು ಅಂತ ಹೇಳಲಾರೆ. ನನಗೆ ಬಹಳ ಹೊತ್ತು ಅನ್ನಿಸಿತು, ರೆಕಾರ್ಡಿಂಗಿನಲ್ಲಿ ಕೇಳಿದವರು ಒಂದು ಉಸಿರಿನಷ್ಟು ಅನ್ನುತ್ತಾರೆ. ಅವಳ ದನಿ ಷಡ್ಜದ ಹತ್ತಿರ ಹೋಗಿ, ಹಿಡಿಯಲು ಏನೂ ಸಿಗದೆ, ಕೆಳಗೆ ಜಾರಿ ಒಡೆಯಿತು. ಮತ್ತೆ ಏರಿದಳು, ಮತ್ತೆ ಒಡೆಯಿತು. ಕಣ್ಣು ತೆರೆದು ನನ್ನ ಕಡೆ ನೋಡಿದಳು. ನಾನು ಕಮಾನನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ಅವಳನ್ನೇ ನೋಡುತ್ತಿದ್ದೆ. ಈ ಸಭೆ ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ತಲೆ ತಗ್ಗಿಸಿದರು. ಅಷ್ಟಕ್ಕಾಗಿಯೇ ಆ ಕಮಾನನ್ನು ಅಷ್ಟು ಜೋಪಾನವಾಗಿ ಅಲ್ಲಿಯವರೆಗೆ ಒಯ್ದಿದ್ದೆ.

ಆಮೇಲೆ ನನ್ನ ಸರದಿಯಲ್ಲಿ ಅದೇ ರಾಗವನ್ನು ನುಡಿಸಿ ಆ ಷಡ್ಜದ ಮೇಲೆ ಬೇಕಾದಷ್ಟು ಹೊತ್ತು ನಿಂತೆ. ಚಪ್ಪಾಳೆ ಬಂತು. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹುಡುಗಿಯಾಗಿದ್ದಾಗ ಅಮ್ಮ ಬೈದರೆ ಹಾಗೆ ಮಾಡುತ್ತಿದ್ದಳು.

ಕಛೇರಿ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಮೃದಂಗದವರು ಕೈ ತೊಳೆಯುತ್ತಾ, "ಏನ್ ತಾಯಿ, ಕೈ ನೋವಿತ್ತಾ?" ಅಂತ ಕೇಳಿದರು.

"ಇಲ್ಲ ಸಾರ್."

"ಹಂಗಾದ್ರೆ ಕೇಳಲ್ಲ" ಅಂದು ಟವೆಲು ಹಿಡಿದು ಹೊರಗೆ ಹೋದರು.

 ಮರುದಿನ ವಾಪಸ್ ಬರುವಾಗ ವಿಮಾನ ಹತ್ತುವ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಅಕ್ಕ ತಿರುಗದೆಯೇ ಕೇಳಿದಳು.

"ಯಾಕೆ ಬಿಟ್ಟೆ?"

ಈ ಉತ್ತರವನ್ನು ಎಷ್ಟೋ ದಿನದಿಂದ ತಯಾರು ಮಾಡಿಟ್ಟಿದ್ದೆ. "ಕೇಳಿದವರಿಗೆ ಹೇಳು. ನಮ್ ತಂಗಿ ಈ ಸಲ ಕಮಾನು ಬಿಗಿ ಮಾಡೋದು ಮರೆತಳು ಅಂತ."

 "ಆ ತಿರುಪು ನಾನು ಮುಟ್ಟಿಲ್ಲ ಕಣೇ. ಇದ್ದ ಹಾಗೇ ಇಟ್ಟೆ" ಅಂದಳು. ಸಾಲು ಮುಂದೆ ಹೋಯಿತು. ನಾನು ಪೈಪನ್ನು ಭುಜಕ್ಕೆ ಏರಿಸಿಕೊಂಡು ಅವಳ ಹಿಂದೆಯೇ ನಡೆದೆ. ನನಗೆ ಪಶ್ಚಾತ್ತಾಪವಾಗಲಿಲ್ಲ. ಈಗಲೂ ಹುಡುಕುತ್ತೇನೆ, ಸಿಗುವುದಿಲ್ಲ.

ಕೊಲ್ಕತ್ತಾದ ಸುದ್ದಿಯೂ ಮಲ್ಲೇಶ್ವರಕ್ಕೆ ಬಂತು, ಆದರೆ ಈ ಸಲ ಕಮಾನಿನ ಸುದ್ದಿಯಲ್ಲ, ಗಂಟಲಿನದು. ರಾಮನವಮಿಯ ಪೆಂಡಾಲಿನವರು ಅಕ್ಕನ ಹೆಸರನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಇಳಿಸಿದರಂತೆ. ಅವಳು ಬೇರೆ ಪಿಟೀಲಿನವರನ್ನು ಗೊತ್ತು ಮಾಡಿಕೊಂಡಳು. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ಅಮ್ಮ ನನ್ನೊಂದಿಗೆ ಊಟಕ್ಕೆ ಬಾ, ಗ್ಯಾಸ್ ಬಂತು ಅನ್ನುವುದಕ್ಕಿಂತ ಹೆಚ್ಚಿಗೆ ಮಾತಾಡುತ್ತಿರಲಿಲ್ಲ. ನಾನು ಗೆದ್ದವಳ ಹಾಗೆ ಓಡಾಡಿಕೊಂಡಿದ್ದೆ.

ಅವರೆಕಾಯಿ ಕಾಲ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಅಮ್ಮ ಹಜಾರದಲ್ಲಿ ಕೂತು ನೆನೆಸಿದ ಕಾಳು ಹಿತುಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮೇಷ್ಟ್ರ ಮುರಿದ ಕಮಾನನ್ನು ಬೀರುವಿನಿಂದ ತೆಗೆದೆ. ತಾತನ ಕಮಾನಿನ ತಿರುಪು ಸವೆದಿತ್ತು, ಇದರ ಬೆಳ್ಳಿಯ ತಿರುಪು ಅದಕ್ಕೆ ಕೂರುತ್ತದೇನೋ ನೋಡೋಣ ಅಂತ ಪೂರ್ತಿ ತಿರುಗಿಸಿ ಹೊರಗೆ ಎಳೆದೆ. ತಿರುಪಿನ ತಲೆಯ ಗೀರುಗಳಲ್ಲಿ, ಅದು ಕಡ್ಡಿಗೆ ಕೂರುವ ಅಂಚಿನಲ್ಲಿ, ಕೆಂಪಗೆ ಏನೋ ಒಣಗಿ ಕೂತಿತ್ತು. ಒದ್ದೆ ಬೆರಳಿನಿಂದ ಒರೆಸಿದೆ. ಕುಂಕುಮ.

ಕಮಾನಿಗೆ ನಾನು ಕುಂಕುಮ ಮುಟ್ಟಿಸುವುದಿಲ್ಲ. ಹಾಗಾದರೆ ಕುಂಕುಮದ ಒದ್ದೆ ಬೆರಳಿನಿಂದ ಯಾರೋ ಆ ತಿರುಪನ್ನು ತಿರುಗಿಸಿದ್ದರು. ಅಕ್ಕ ಅಂದು ಹಣೆಗೆ ಇಟ್ಟುಕೊಂಡಿದ್ದಳು, ಅವಳ ಬೆರಳಿಗೂ ಅಂಟಿರಬಹುದು. ಆದರೆ ಅಕ್ಕನಿಗೆ ಕಮಾನು ಬಿಗಿ ಇದೆಯೋ ಸಡಿಲ ಇದೆಯೋ ಎಂಬುದರ ಗೊಡವೆ ಎಂದಿಗೂ ಇರಲಿಲ್ಲ, ಅವಳಿಗೆ ಬೇಕಿದ್ದದ್ದು ಹೆಬ್ಬಾಳ ದಾಟುವುದು. ದೇವರ ಮುಂದೆ ಸಡಿಲ ಕಮಾನು ನೋಡಿ ತಡೆಯಲಾರದವರು ಈ ಮನೆಯಲ್ಲಿ ಬೇರೊಬ್ಬರಿದ್ದಾರೆ. ಇದನ್ನು ಯೋಚಿಸುತ್ತಿರುವಾಗಲೇ, ಆರತಿ ತಟ್ಟೆಯನ್ನು ಕೆಳಗಿಟ್ಟು ದೇವರ ಮುಂದೆ ಬಗ್ಗಿದ ಅಮ್ಮನ ಬೆನ್ನು ನನಗೆ ಕಂಡಿತು. ಸ್ಪಷ್ಟವಾಗಿ, ಸೀರೆಯ ಬಣ್ಣದ ಸಮೇತ. ಆದರೆ ಆ ಹೊತ್ತಿನಲ್ಲಿ ನಾನು ಒಳಗೆ ಗುರುತಿನ ಚೀಟಿ ಹುಡುಕುತ್ತಿದ್ದೆ. ಕಂಡಿರಲು ಸಾಧ್ಯವಿಲ್ಲ. ಕುಂಕುಮ ಸಿಕ್ಕ ಮೇಲೆ ಹುಟ್ಟಿದ ನೆನಪು ಅದು, ಪೆನ್ಸಿಲ್ ಗೆರೆ ಎಳೆಯಬೇಕಾದ್ದು.

ಅಕ್ಕ ಸಭೆಯ ಮುಂದೆ ಆಡಿದ ಮಾತು ಅಕ್ಕನದೇ, ಅದನ್ನು ಯಾರ ಕುಂಕುಮವೂ ಅಳಿಸುವುದಿಲ್ಲ. ಟ್ರಾಲಿಯೂ ಅವಳದೇ. ಇಷ್ಟನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಕೊಲ್ಕತ್ತಾದಲ್ಲಿ ನಾನು ಕಮಾನು ಎತ್ತಿದ್ದು, ತಿರುಪು ತಿರುಗಿಸಿದ್ದು ಅವಳೇ ಅಂತ ನಂಬಿದ್ದಕ್ಕೂ ಹೌದು. ಮತ್ತು ಎಲ್ಲರೂ ಅವಳ ಗಂಟಲಿನ ಮಾತಾಡುತ್ತಿದ್ದ ಅಷ್ಟೂ ದಿನ, ನಾನು ಅವಳ ಮೇಲೆ ಹಠ ಹಿಡಿದಿದ್ದ ಅಷ್ಟೂ ದಿನ, ಅಮ್ಮ ಸುಮ್ಮನಿದ್ದಳು.

ತಿರುಪನ್ನು ಅಮ್ಮನ ಮುಂದೆ, ಹಿತುಕಿದ ಕಾಳಿನ ತಟ್ಟೆಯ ಪಕ್ಕದಲ್ಲಿ ಇಟ್ಟೆ. ಅವಳು ಅದನ್ನು ನೋಡಿದಳು. ಬೆರಳುಗಳು ಒಂದು ಕಾಳಿನ ಮೇಲೆ ನಿಂತು, ಒತ್ತಿ, ಸಿಪ್ಪೆಯಿಂದ ಬೇಳೆ ಹೊರಗೆ ಚಿಮ್ಮಿತು. ಕಾಳು ಒಣಗ್ತಾ ಇದೆ, ನೀನೂ ಒಂದಿಷ್ಟು ಹಿತುಕು ಅಂದಳು. ನಾನು ಕೈ ಹಾಕಲಿಲ್ಲ. ಅಂದು ಕೇಳಿದ್ದನ್ನು ಆಮೇಲೂ ಕೇಳಿದ್ದೇನೆ, ಅವಳು ಆಮೇಲೂ ಏನಾದರೊಂದು ಕೆಲಸ ಹಿಡಿದು ಕೂರುತ್ತಾಳೆ.

"ಅಮ್ಮ, ಅವತ್ತು ದೇವರ ಮುಂದೆ ಸಡಿಲವಾಗಿದ್ದ ಕಮಾನನ್ನ ಬಿಗಿ ಮಾಡಿದ್ದು ನೀನಾ?"